ಖಾಲಿ ನೆಲದ ಮೇಲೊಂದು ಊರು

ಕೊಪ್ಪದಿಂದ ನರಸಿಂಹರಾಜಪುರದ ಕಡೆ ಹೋಗುವಾಗ ಸಿಗುವ ಶೆಟ್ಟಿಕೊಪ್ಪವನ್ನು ಯಾರೂ ನಗರ ಎನ್ನುವುದಿಲ್ಲ. ಬಸ್ಸು ನಿಲ್ಲುವ ಜಾಗ, ಒಂದಿಷ್ಟು ಅಂಗಡಿ, ಅದರಾಚೆ ಅಡಿಕೆ ತೋಟ, ರಬ್ಬರು, ಗದ್ದೆ, ಕಾಡು. ಈ ಸುತ್ತಿನ ಹುಡುಗರು ರಜೆಯಲ್ಲಿ ಒಂದೆಡೆ ಸೇರಿದರೆ ಈಗ ಮಾತೆಲ್ಲ ರಿಂಗ್ ರೋಡು, ಮೆಟ್ರೋ ಲೈನು, ಕೊಳಚೆ ನೀರಿನ ಘಟಕ, ಬಜೆಟ್ಟಿನ ಕೊರತೆ. ಅದು ಬೆಂಗಳೂರಿನ ಸುದ್ದಿಯಲ್ಲ, ತಾವೇ ಕಂಪ್ಯೂಟರಿನಲ್ಲಿ ಕಟ್ಟುತ್ತಿರುವ ನಗರಗಳ ಸುದ್ದಿ. ಶಿವಮೊಗ್ಗದಲ್ಲೋ ಮಂಗಳೂರಿನಲ್ಲೋ ಡಿಪ್ಲೊಮಾ, ಎಂಜಿನಿಯರಿಂಗ್ ಓದುವವರು, ಮನೆಯಲ್ಲೇ ಕೂತು ಕಂಪನಿ ಕೆಲಸ ಮಾಡುವವರು, ಪಿಯುಸಿ ಮುಗಿಸಿ ಮುಂದೇನು ಎಂದು ಕೂತವರು, ಎಲ್ಲರಿಗೂ ಇದೊಂದು ಹುಚ್ಚು. ಆಟದ ಹೆಸರು ‘ಸಿಟೀಸ್: ಸ್ಕೈಲೈನ್ಸ್’. ಅದರ ಎರಡನೇ ಆವೃತ್ತಿ 2023ರ ಅಕ್ಟೋಬರ್ 24ರಂದು ಬಂತು. ತಮ್ಮ ಕಂಪ್ಯೂಟರಿನಲ್ಲಿ ಅದು ಓಡುವುದಿಲ್ಲ ಎಂದು ಗೊತ್ತಿದ್ದವರೂ ಬೇರೆಯವರು ಆಡುವ ವಿಡಿಯೊಗಳನ್ನು ರಾತ್ರಿಯಿಡೀ ನೋಡಿದರು.

ಮನೆಯ ಹಿರಿಯರಿಗೆ ಇದು ಹಿಡಿಸಿಲ್ಲ. ಎಲೆಚುಕ್ಕಿ ರೋಗ ಬಂದು ಅಡಿಕೆ ತೋಟ ಸೊರಗುತ್ತಿರುವ ಕಾಲ. ಮಳೆ ಬಿಡುವು ಕೊಟ್ಟಾಗ ಔಷಧಿ ಹೊಡೆಸೋಣವೆಂದರೆ ಆಳು ಸಿಗುವುದಿಲ್ಲ. ಇರುವ ತೋಟ ನೋಡುವವರಿಲ್ಲ, ಇಲ್ಲದ ಊರು ಕಟ್ಟುತ್ತಾನೆ ಎಂದು ಒಬ್ಬ ತಂದೆ ನೊಂದುಕೊಂಡರೆ ಅದನ್ನು ಹಳೇ ತಲೆಯ ಗೊಣಗಾಟ ಎಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಹಾಗೆಂದು ಹುಡುಗರ ಉತ್ಸಾಹವನ್ನು ಕಾಲಹರಣ ಎಂದು ಬಿಡಲೂ ಆಗದು. ಪಕ್ಕದಲ್ಲಿ ಕೂತು ನೋಡಿದ್ದೇನೆ, ಅವರಿಂದ ಹೇಳಿಸಿಕೊಂಡಿದ್ದೇನೆ. ಎರಡೂ ಕಡೆಯ ಮಾತಿಗೆ ತೂಕವಿದೆ. ಆ ತೂಕ ಎಲ್ಲಿ ಬೀಳುತ್ತದೆ ಎಂಬುದನ್ನು ನೋಡಬೇಕು.

ಈ ಬಗೆಯ ಆಟಕ್ಕೆ ಮೂಲಪುರುಷ ಅಮೆರಿಕದ ವಿಲ್ ರೈಟ್. 1984ರಲ್ಲಿ ಆತ ಹೆಲಿಕಾಪ್ಟರಿನಿಂದ ದ್ವೀಪಗಳ ಮೇಲೆ ಬಾಂಬು ಹಾಕುವ ಆಟವೊಂದನ್ನು ಮಾಡಿದ್ದ. ಬಾಂಬು ಹಾಕುವುದಕ್ಕಿಂತ ಆ ದ್ವೀಪಗಳ ರಸ್ತೆ, ಕಟ್ಟಡ ಜೋಡಿಸುವುದೇ ಅವನಿಗೆ ಹೆಚ್ಚು ಖುಷಿ ಕೊಟ್ಟಿತು. ಆ ಖುಷಿಯಿಂದ ಹುಟ್ಟಿದ್ದು ‘ಸಿಮ್‌ಸಿಟಿ’. ಸೋಲು-ಗೆಲುವು ಇಲ್ಲದ ಆಟವನ್ನು ಯಾರು ಕೊಳ್ಳುತ್ತಾರೆ ಎಂದು ಪ್ರಕಾಶಕರು ಹಿಂಜರಿದಿದ್ದರಿಂದ ಅದು ಹೊರಬರಲು 1989 ಆಯಿತು. ಆಮೇಲೆ ಎರಡು ದಶಕ ಆ ಹೆಸರೇ ರಾಜ್ಯವಾಳಿತು. 2013ರಲ್ಲಿ ಅದೇ ಹೆಸರಿನ ಹೊಸ ಆಟ ಬಂದಾಗ ಇಂಟರ್ನೆಟ್ ಇಲ್ಲದೆ ಆಡುವಂತಿರಲಿಲ್ಲ, ಸರ್ವರ್ ಕೈಕೊಟ್ಟಿತು, ನಗರಕ್ಕೆ ಕೊಟ್ಟ ಜಾಗವೂ ತೀರಾ ಕಿರಿದು. ಆಡುವವರು ಬೇಸತ್ತು ಕೂತಿದ್ದಾಗ, 2015ರ ಮಾರ್ಚಿನಲ್ಲಿ, ಫಿನ್‌ಲೆಂಡಿನ ಟಾಂಪೆರೆ ಎಂಬ ಊರಿನ ಕೊಲೋಸಲ್ ಆರ್ಡರ್ ಎಂಬ ಪುಟ್ಟ ಕಂಪನಿ ‘ಸ್ಕೈಲೈನ್ಸ್’ ಹೊರತಂದಿತು. ಇಪ್ಪತ್ತು ಜನರೂ ಇಲ್ಲದ ತಂಡದ ಆಟ ಒಂದು ತಿಂಗಳಲ್ಲಿ 10 ಲಕ್ಷ ಪ್ರತಿ ಮಾರಾಟವಾಯಿತು.

ಎರಡನೆಯದರ ಕಥೆ ಅಷ್ಟು ಸುಖದ್ದಲ್ಲ. ಅದಕ್ಕೆ ಶಿಫಾರಸು ಮಾಡಿದ ಗ್ರಾಫಿಕ್ಸ್ ಕಾರ್ಡು ನಮ್ಮ ಕಡೆಯ ಮಧ್ಯಮ ವರ್ಗದ ಮನೆಗೆ ಎಟುಕುವಂಥದ್ದಲ್ಲ. ದುಬಾರಿ ಯಂತ್ರದಲ್ಲೂ ಅದು ತಡವರಿಸಿತು. 2024ರಲ್ಲಿ ಮಾರಿದ ಸಮುದ್ರದಂಡೆಯ ಮನೆಗಳ ಹೆಚ್ಚುವರಿ ಕಂತಿಗೆ ಎಂಥ ಬೈಗುಳ ಬಿತ್ತೆಂದರೆ ಕಂಪನಿ ಕ್ಷಮೆ ಕೇಳಿ ಹಣ ವಾಪಸು ಕೊಟ್ಟಿತು. 2025ರ ಕೊನೆಯಲ್ಲಿ, ಆಟದ ಮುಂದಿನ ಹೊಣೆಯನ್ನು ಬೇರೆ ಸ್ಟುಡಿಯೊಗೆ ವಹಿಸುವುದಾಗಿ ಪ್ರಕಾಶಕರಾದ ಪ್ಯಾರಡಾಕ್ಸ್ ಪ್ರಕಟಿಸಿದರು. ಇಷ್ಟಾದರೂ ಹುಡುಗರು ಬಿಟ್ಟಿಲ್ಲ. ಹೊಸದು ಓಡದಿದ್ದರೆ ಹಳೆಯದನ್ನೇ ಆಡುತ್ತಾರೆ, ಹೊಸದರ ಬಗ್ಗೆ ವಾದ ಮಾಡುತ್ತಾರೆ. ಒಂದು ಸರಕಿನ ಬಗ್ಗೆ ಇರುವ ಆಸೆ ಇಷ್ಟು ಪೆಟ್ಟು ತಿಂದು ಉಳಿಯುವುದಿಲ್ಲ. ಇದರಲ್ಲಿ ಅವರಿಗೆ ಬೇರೇನೋ ಸಿಗುತ್ತಿದೆ.

ಏನು ಸಿಗುತ್ತಿದೆ ಎಂಬುದು ನನಗೆ ಮೊದಲು ಕಂಡದ್ದು ನೀರಿನಲ್ಲಿ. ಈ ಆಟದಲ್ಲಿ ಹೊಳೆ ಬರೀ ನೀಲಿ ಬಣ್ಣವಲ್ಲ, ನಿಜಕ್ಕೂ ಹರಿಯುತ್ತದೆ. ಊರಿನ ಕೊಳಚೆ ನೀರನ್ನು ಹೊಳೆಯ ಮೇಲ್ಗಡೆ ಬಿಟ್ಟು ಕುಡಿಯುವ ನೀರಿನ ಪಂಪನ್ನು ಕೆಳಗಡೆ ಇಟ್ಟರೆ, ಸ್ವಲ್ಪ ಹೊತ್ತಿಗೆ ಕಂದು ಬಣ್ಣದ ಪಟ್ಟಿಯೊಂದು ನೀರಿನಲ್ಲಿ ಇಳಿದು ಬಂದು ಪಂಪಿಗೆ ಮುಟ್ಟುತ್ತದೆ. ಮನೆ ಮನೆಯ ಮೇಲೂ ಕಾಯಿಲೆಯ ಗುರುತು ಏಳುತ್ತದೆ, ಆಸ್ಪತ್ರೆ ತುಂಬುತ್ತದೆ, ಜನ ಊರು ಬಿಡುತ್ತಾರೆ. ಹೊಸಬ ಆಟಗಾರ ಒಮ್ಮೆ ಈ ತಪ್ಪು ಮಾಡಿದರೆ ಮತ್ತೆ ಮಾಡುವುದಿಲ್ಲ. ನಮ್ಮ ಕಣ್ಣೆದುರೇ ತುಂಗೆ ಶೃಂಗೇರಿಯಿಂದ ತೀರ್ಥಹಳ್ಳಿ ದಾಟಿ ಶಿವಮೊಗ್ಗಕ್ಕೆ ಹೋಗುತ್ತಾಳೆ. ದಾರಿಯುದ್ದಕ್ಕೂ ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಕುಡಿಯುತ್ತಾರೆ. ಈ ನದಿಯ ಮಾಲಿನ್ಯ ನಿಲ್ಲಿಸಿ ಎಂದು 2024ರ ನವೆಂಬರಿನಲ್ಲಿ ಶೃಂಗೇರಿಯಿಂದಲೇ ಪಾದಯಾತ್ರೆ ಹೊರಟಿತ್ತು. ಕೆಳಗಿನ ಊರಿನವನು ಏನು ಕುಡಿಯುತ್ತಾನೆ ಎಂಬ ಪ್ರಶ್ನೆಯನ್ನು ಇಪ್ಪತ್ತು ವರ್ಷದ ಹುಡುಗ ತಾನಾಗಿಯೇ ಕೇಳಿಕೊಳ್ಳುವಂತೆ ಒಂದು ಆಟ ಮಾಡಿದರೆ ಅದು ಸಣ್ಣ ಕೆಲಸವಲ್ಲ. ಪರಿಸರ ಅಧ್ಯಯನದ ಪಠ್ಯ ಓದಿ ಅಂಕ ತೆಗೆದ ಎಷ್ಟೋ ಜನಕ್ಕೆ ಅದು ಹೊಳೆದಿರುವುದಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಇನ್ನೂ ಹಿಡಿದಿಟ್ಟುಕೊಂಡಿದೆ. ಹಳೆಯ ಸ್ಕೈಲೈನ್ಸ್‌ನಲ್ಲಿ ದೊಡ್ಡ ಬಡಾವಣೆಯನ್ನು ಒಂದೇ ಸಲಕ್ಕೆ ಮಾಡಿ ಜನ ತುಂಬಿಸಿದರೆ, ಬರುವವರೆಲ್ಲ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಮೊದಲು ಅವರ ಮಕ್ಕಳಿಗೆ ಶಾಲೆ ಸಾಲುವುದಿಲ್ಲ. ಶಾಲೆ ಕಟ್ಟಿ ಮುಗಿಸುವಷ್ಟರಲ್ಲಿ ಮಕ್ಕಳು ದೊಡ್ಡವರಾಗಿ ಶಾಲೆ ಬಿಕೋ ಎನ್ನುತ್ತದೆ. ಕೊನೆಗೆ ಎಲ್ಲರೂ ಒಟ್ಟಿಗೆ ಮುದುಕರಾಗಿ ಒಟ್ಟಿಗೆ ಸಾಯತೊಡಗುತ್ತಾರೆ. ಶವವಾಹನಗಳು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುತ್ತವೆ, ಮನೆಗಳು ಖಾಲಿ ಬೀಳುತ್ತವೆ. ಆಟಗಾರರು ಇದನ್ನು ‘ಸಾವಿನ ಅಲೆ’ ಎನ್ನುತ್ತಾರೆ. ಇದನ್ನು ನನಗೆ ವಿವರಿಸಿದ ಹುಡುಗ ನಡುವೆ ಮಾತು ನಿಲ್ಲಿಸಿ, “ನಮ್ಮೂರ ಪ್ರೈಮರಿ ಶಾಲೆಗೂ ಹೀಗೇ ಆಗಿದ್ದಲ್ವಾ?” ಎಂದ. ಮಲೆನಾಡಿನ ಶಾಲೆಗಳಲ್ಲಿ ಮಕ್ಕಳಿಲ್ಲ, ಮನೆಗಳಲ್ಲಿ ಅಜ್ಜ-ಅಜ್ಜಿಯರಷ್ಟೇ ಇದ್ದಾರೆ ಎಂಬುದು ಅವನಿಗೆ ಮೊದಲೂ ಗೊತ್ತಿತ್ತು. ಅದಕ್ಕೊಂದು ಲೆಕ್ಕವಿದೆ, ಆ ಲೆಕ್ಕ ಇಪ್ಪತ್ತು ವರ್ಷ ಮೊದಲೇ ಕಾಣುವಂಥದ್ದು ಎಂಬುದು ಆಟ ಆಡಿದ ಮೇಲೆ ಗೊತ್ತಾಯಿತು.

ಟ್ರಾಫಿಕ್ಕಿನ ವಿಷಯವೂ ಅಷ್ಟೇ. ಪ್ರತಿ ಕಾರಿಗೂ ಹೊರಟ ಜಾಗ, ಮುಟ್ಟುವ ಜಾಗ ಇದೆ. ರಸ್ತೆ ಅಗಲ ಮಾಡಿದಷ್ಟೂ ಮುಂದಿನ ಸರ್ಕಲ್ಲಿನಲ್ಲಿ ಗಂಟು ಬಿಗಿಯುತ್ತದೆ. ಬಸ್ಸಿನ ಒಂದು ಒಳ್ಳೆಯ ಮಾರ್ಗ ಎರಡು ಫ್ಲೈಓವರಿನ ಕೆಲಸ ಮಾಡುತ್ತದೆ. ಇದನ್ನು ಕಂಡುಕೊಂಡವನು ನಾಳೆ ಬೆಂಗಳೂರಿನ ಸುರಂಗ ರಸ್ತೆಯ ಚರ್ಚೆಯನ್ನು ಬೇರೆಯೇ ಕಿವಿಯಿಂದ ಕೇಳುತ್ತಾನೆ. ಆಟವನ್ನು ದೊಡ್ಡವರು ಕೆಲಸಕ್ಕೆ ಬಳಸಿದ್ದೂ ಉಂಟು. ಸ್ಟಾಕ್‌ಹೋಮಿನ ಹೊಸ ಬಡಾವಣೆಯೊಂದರ ಬಗ್ಗೆ ಚರ್ಚಿಸಲು 2016ರಲ್ಲಿ ಸ್ಕೈಲೈನ್ಸ್ ಬಳಸಿದರು. ವಿಶ್ವಸಂಸ್ಥೆಯ ಯುಎನ್-ಹ್ಯಾಬಿಟ್ಯಾಟ್ 2012ರಿಂದ ‘ಮೈನ್‌ಕ್ರಾಫ್ಟ್’ ಆಟ ಇಟ್ಟುಕೊಂಡು ಬಡ ಬಡಾವಣೆಗಳ ಜನರಿಂದಲೇ ಮೈದಾನ, ಉದ್ಯಾನಗಳ ನಕ್ಷೆ ಮಾಡಿಸುತ್ತಿದೆ. ನೈರೋಬಿಯ ಕಿಬೇರಾದಲ್ಲಿ ಅಲ್ಲಿನ ನಿವಾಸಿಗಳೂ ಆ ಕೆಲಸದಲ್ಲಿ ಮಾತಾಡುವಂತಾಯಿತು.

ತಂದೆ-ತಾಯಂದಿರ ಭಯದಲ್ಲಿ ಒಂದು ಪಾಲನ್ನು ಇಲ್ಲಿಯೇ ಬಿಡಿಸಿಬಿಡಬಹುದು. ನಮ್ಮ ಕಡೆ ‘ಆನ್‌ಲೈನ್ ಗೇಮ್’ ಎಂದರೆ ರಮ್ಮಿ, ಬೆಟ್ಟಿಂಗು ಎಂದೇ ಅರ್ಥ. ಸಂಬಳ, ಸಾಲ, ತೋಟದ ದುಡ್ಡು ಅದಕ್ಕೆ ಸುರಿದ ಹುಡುಗರ ಕಥೆ ಇಲ್ಲದ ಊರಿಲ್ಲ. ಹಣ ಕಟ್ಟಿ ಆಡುವ ಅಂಥ ಆಟಗಳನ್ನು ನಿಷೇಧಿಸಿ 2025ರ ಆಗಸ್ಟಿನಲ್ಲಿ ಸಂಸತ್ತು ಕಾಯ್ದೆ ಮಾಡಿತು. ನಗರ ಕಟ್ಟುವ ಆಟ ಆ ಜಾತಿಯದ್ದಲ್ಲ. ಒಮ್ಮೆ ಕೊಂಡರೆ ಮುಗಿಯಿತು, ಪಣ ಇಲ್ಲ, ಎದುರಾಳಿಯೇ ಇಲ್ಲ. ಹೆಚ್ಚುವರಿ ಕಂತುಗಳ ಖರ್ಚು ನಿಜ, ಅದು ಆಸೆಯ ಖರ್ಚೇ ಹೊರತು ಜೂಜಿನ ಖರ್ಚಲ್ಲ. ಹೊತ್ತು ಹೋಗುವ ಮಾತು ಮಾತ್ರ ಅಷ್ಟು ಸುಲಭಕ್ಕೆ ಬಿಡಿಸುವಂಥದ್ದಲ್ಲ. ಈ ಆಟಕ್ಕೆ ಕೊನೆ ಎಂಬುದಿಲ್ಲ. ಒಂದು ಜಂಕ್ಷನ್ ಸರಿ ಮಾಡಿ ಮಲಗೋಣ ಎಂದವನು ಕೋಳಿ ಕೂಗುವ ತನಕ ಕೂರುತ್ತಾನೆ. ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಗೆ ಸೇರಿಸಿದೆ, ನಿಮ್ಹಾನ್ಸ್ 2014ರಿಂದಲೇ ಇದಕ್ಕೊಂದು ಕ್ಲಿನಿಕ್ ನಡೆಸುತ್ತಿದೆ. ಆಡುವವರೆಲ್ಲ ರೋಗಿಗಳಲ್ಲ. ಊಟ, ನಿದ್ದೆ, ಕೆಲಸ ತಪ್ಪುತ್ತಿದ್ದರೆ ಮಾತ್ರ ಮನೆಯವರು ತಡಮಾಡಬಾರದು.

ಇಷ್ಟರವರೆಗೆ ನಾನು ಹೆಚ್ಚುಕಡಿಮೆ ಹುಡುಗರ ಪಕ್ಷ. ನನ್ನನ್ನು ಕಾಡುವ ಆಕ್ಷೇಪ ಹೊತ್ತಿನದಲ್ಲ, ದುಡ್ಡಿನದಲ್ಲ, ಆಟ ಶುರುವಾಗುವ ಮೊದಲ ನಿಮಿಷದ್ದು. ಆಗ ಪರದೆಯ ಮೇಲೆ ಬರುವುದು ಹೊಳೆ, ಗುಡ್ಡ, ಕಾಡು ಇರುವ ಚೆಂದದ ಸೀಮೆ, ಅಂಚಿನಲ್ಲೊಂದು ಹೆದ್ದಾರಿ. ಅಲ್ಲಿ ಜನ ಇಲ್ಲ. ಗದ್ದೆಯಿಲ್ಲ, ದೇವರ ಬನವಿಲ್ಲ, ಯಾರದೂ ಪಹಣಿಯಿಲ್ಲ. ರಸ್ತೆ ಎಳೆದಲ್ಲಿ ಮರಗಳು ತಾವಾಗಿ ಮಾಯವಾಗುತ್ತವೆ. ರಸ್ತೆಯ ಪಕ್ಕ ಹಸಿರು ಬಳಿದರೆ ಮನೆ, ನೀಲಿ ಬಳಿದರೆ ಅಂಗಡಿ, ಹಳದಿ ಬಳಿದರೆ ಕೈಗಾರಿಕೆ. ಆಮೇಲೆ ಮನಸ್ಸು ಬದಲಾದರೆ ಬುಲ್ಡೋಜರ್ ಗುರುತು ಒತ್ತಿದರಾಯಿತು, ಒಂದು ಸದ್ದಿನೊಂದಿಗೆ ಬೀದಿಗೆ ಬೀದಿಯೇ ನೆಲಸಮ. ಒಳಗಿದ್ದವರು ಎಲ್ಲಿಗೆ ಹೋದರು ಎಂದು ಆಡುವವನು ಯೋಚಿಸಬೇಕಾದ್ದಿಲ್ಲ. ಕೋರ್ಟಿಗೆ ಹೋಗುವವರಿಲ್ಲ, ರಸ್ತೆ ತಡೆದು ಕೂರುವವರಿಲ್ಲ.

ನಿಜದ ನೆಲದಲ್ಲಿ ಹೇಗಿದೆ ನೋಡಿ. ಬೆಂಗಳೂರಿನ ಪೆರಿಫೆರಲ್ ರಿಂಗ್ ರೋಡಿಗೆ ಅಂತಿಮ ಅಧಿಸೂಚನೆ ಬಂದದ್ದು 2007ರಲ್ಲಿ. ಎಪ್ಪತ್ತು ಚಿಲ್ಲರೆ ಕಿಲೋಮೀಟರಿನ ಆ ವರ್ತುಲಕ್ಕೆ ಆಟದಲ್ಲಿ ಒಂದು ಸಂಜೆ ಸಾಕು. ಇಲ್ಲಿ ಗೆರೆಯೊಳಗೆ ಸಿಕ್ಕ ರೈತರು ಇಷ್ಟು ವರ್ಷ ಜಮೀನು ಮಾರಲಾರದೆ, ಮನೆ ಕಟ್ಟಲಾರದೆ, ಪರಿಹಾರವೂ ಕೈಗೆ ಬಾರದೆ ಕಾದರು. ಆಟ ಕಲಿಸುವುದು ಗೆರೆ ಎಳೆಯುವವನ ಕಷ್ಟವನ್ನು. ಗೆರೆಯಡಿ ಇರುವವನ ಕಷ್ಟ ಅದರ ಲೆಕ್ಕದಲ್ಲೇ ಇಲ್ಲ.

ನಮ್ಮ ತಾಲೂಕುಗಳಿಗೆ ಇದು ದೂರದ ವಿಷಯವಲ್ಲ. ಪಶ್ಚಿಮಘಟ್ಟದ ಸೂಕ್ಷ್ಮ ಪ್ರದೇಶ ಗುರುತಿಸಲು ಕಸ್ತೂರಿರಂಗನ್ ಸಮಿತಿ ಉಪಗ್ರಹ ಚಿತ್ರಗಳನ್ನು ಆಧರಿಸಿತು. 2014ರಿಂದ ಕರಡು ಅಧಿಸೂಚನೆಗಳು ಒಂದರ ಹಿಂದೊಂದು ಬರುತ್ತಿವೆ. 2024ರ ಜುಲೈ 31ರ ಕರಡಿನಲ್ಲಿ ಕರ್ನಾಟಕದ ಪಾಲು 20,668 ಚದರ ಕಿ.ಮೀ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಜನ ಇದರ ವಿರುದ್ಧ ಬೀದಿಗಿಳಿದಾಗ ಹೇಳಿದ ಮಾತುಗಳಲ್ಲಿ ಒಂದು: ಮೇಲಿನಿಂದ ನೋಡಿದರೆ ನಮ್ಮ ಅಡಿಕೆ, ಕಾಫಿ ತೋಟವೂ ಹಸಿರೇ, ಕಾಡೂ ಹಸಿರೇ. ಘಟ್ಟ ಉಳಿಯಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಗುಡ್ಡ ಜರಿದು ರಸ್ತೆ ಮುಚ್ಚುವುದನ್ನು ಮಳೆಗಾಲಕ್ಕೊಮ್ಮೆ ನೋಡುತ್ತಿದ್ದೇವೆ. ಆದರೆ ಸೊಪ್ಪಿನಬೆಟ್ಟಕ್ಕೆ ಆ ನಕಾಶೆಯಲ್ಲಿ ಯಾವ ಬಣ್ಣ? ಅದು ಕಾಡೂ ಹೌದು, ತೋಟಕ್ಕೆ ಸೊಪ್ಪು ತರುವ ಜಾಗವೂ ಹೌದು, ತಲೆಮಾರಿನಿಂದ ಒಂದು ಮನೆಯ ಅನುಭೋಗದಲ್ಲಿರುವುದೂ ಹೌದು. ಗೋಮಾಳಕ್ಕೆ, ಕಾನಿಗೆ, ಕಾಲುಸಂಕ ದಾಟಿ ಹೋಗಬೇಕಾದ ಒಂಟಿಮನೆಗೆ ಯಾವ ಬಣ್ಣ? ಒಂದು ಜಾಗಕ್ಕೆ ಒಂದೇ ಬಣ್ಣ ಬಳಿದು ಅಭ್ಯಾಸವಾದ ಕಣ್ಣಿಗೆ ಇವು ಕಾಣುವುದು ಕಷ್ಟ. ಸ್ಕೈಲೈನ್ಸ್‌ನಲ್ಲಿ ರಸ್ತೆಗೆ ತಾಗದ ಜಾಗದಲ್ಲಿ ಮನೆ ಏಳುವುದೇ ಇಲ್ಲ. ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡಕ್ಕೆ ಪ್ರತ್ಯೇಕ ವಲಯ ಸಿಕ್ಕಿದ್ದೂ ಎರಡನೇ ಆವೃತ್ತಿಯಲ್ಲೇ. ನಮ್ಮ ಯಾವ ಪೇಟೆಯಲ್ಲಿ ಅಂಥ ಕಟ್ಟಡವಿಲ್ಲ ಹೇಳಿ.

ಆಟದ ಒಳಗಿನ ಲೆಕ್ಕವೂ ಯಾರೋ ಕೂತು ಬರೆದದ್ದೇ. ವಿಲ್ ರೈಟ್ ಓದಿ ಪ್ರೇರಣೆ ಪಡೆದ ಪುಸ್ತಕ ಎಂಐಟಿಯ ಜೇ ಫಾರೆಸ್ಟರ್ 1969ರಲ್ಲಿ ಬರೆದ ‘ಅರ್ಬನ್ ಡೈನಾಮಿಕ್ಸ್’. ನಗರವನ್ನು ಕಂಪ್ಯೂಟರಿನ ಸಮೀಕರಣಗಳಾಗಿ ಬರೆದ ಆ ಪುಸ್ತಕದ ತೀರ್ಮಾನಗಳಲ್ಲಿ ಒಂದು, ಬಡವರಿಗೆ ಅಗ್ಗದ ಮನೆ ಕಟ್ಟಿದರೆ ನಗರ ಹದಗೆಡುತ್ತದೆ ಎಂಬುದು. ಸಮೀಕರಣದಲ್ಲಿ ಏನು ಬಿಟ್ಟಿದ್ದೀರಿ ನೋಡಿ ಎಂದು ಆಗಲೇ ಟೀಕೆ ಬಂತು. 2013ರ ಸಿಮ್‌ಸಿಟಿ ಮಾಡಿದವರೇ ಇನ್ನೊಂದು ಮಾತು ಹೇಳಿದ್ದಾರೆ. ಅಮೆರಿಕದ ನಿಜವಾದ ನಗರಗಳನ್ನು ಅಳೆದಾಗ ಕಾರು ನಿಲ್ಲಿಸುವ ಜಾಗವೇ ಎಲ್ಲೆಲ್ಲೂ ಇತ್ತು, ಹಾಗೆಯೇ ಮಾಡಿದರೆ ಆಟ ನೀರಸವಾಗುತ್ತದೆ ಎಂದು ಪಾರ್ಕಿಂಗನ್ನು ನೆಲದಡಿ ಇದೆ ಎಂದುಕೊಂಡು ಬಿಟ್ಟರಂತೆ. ಸ್ಕೈಲೈನ್ಸ್ ಎರಡರಲ್ಲಿ ಸರ್ಕಾರದ ಸಹಾಯಧನ ಸದ್ದಿಲ್ಲದೆ ಬರುತ್ತಿದ್ದರಿಂದ ನಗರ ಎಷ್ಟು ಕೆಟ್ಟದಾಗಿ ನಡೆದರೂ ದಿವಾಳಿಯಾಗುವುದು ಕಷ್ಟವಿತ್ತು. ಆಡುವವರೇ ಅದನ್ನು ಹಿಡಿದು ಗಲಾಟೆ ಮಾಡಿದರು, 2024ರ ಜೂನಿನಲ್ಲಿ ಕಂಪನಿ ಅದನ್ನು ತೆಗೆದುಹಾಕಿತು. ಇದನ್ನು ನಾನು ಆಟಗಾರರ ಪರವಾದ ಸಾಕ್ಷಿಯಾಗಿಯೇ ಇಡುತ್ತೇನೆ. ಬೇಗ ನಂಬುವವರು ಹಾಗೆ ಲೆಕ್ಕ ಕೆದಕುವುದಿಲ್ಲ.

ಈ ಆಕ್ಷೇಪಗಳನ್ನು ನಮ್ಮ ಮನೆಯ ಹುಡುಗನ ಮುಂದಿಟ್ಟೆ. ತಮ್ಮನ ಮಗ, ಸಿವಿಲ್ ಡಿಪ್ಲೊಮಾ ಓದುತ್ತಾನೆ. ಅವನು ಹೇಳಿದ್ದರಲ್ಲೂ ಹುರುಳಿದೆ. “ದೊಡ್ಡಪ್ಪ, ಖಾಲಿ ನಕಾಶೆ ಮೇಲೆ ಗೆರೆ ಎಳೆಯೋದನ್ನ ಆಟ ಕಲಿಸಿದ್ದಲ್ಲ. ಡ್ಯಾಮು ಕಟ್ಟಿದವ್ರು ಯಾರೂ ಸಿಮ್‌ಸಿಟಿ ಆಡಿರ್ಲಿಲ್ಲ” ಎಂದ. ಸರಿಯಾದ ಮಾತು. ಭದ್ರಾ ಅಣೆಕಟ್ಟಿನ ಕೆಲಸ ಲಕ್ಕವಳ್ಳಿಯಲ್ಲಿ ಶುರುವಾದದ್ದು 1947ರಲ್ಲಿ, ಮುಗಿದದ್ದು ಅರವತ್ತರ ದಶಕದಲ್ಲಿ. 186 ಅಡಿ ತುಂಬಿದರೆ 71.5 ಟಿಎಂಸಿ ನೀರು. ಭದ್ರಾವತಿ, ದಾವಣಗೆರೆ ಸೀಮೆಯ ಭತ್ತದ ಗದ್ದೆ, ತೋಟಗಳು ನಿಂತಿರುವುದು ಅದರ ಮೇಲೆ. ಮಳೆಗಾಲ ಬಂತೆಂದರೆ ಅಲ್ಲಿನ ರೈತ ದಿನಾ ಪತ್ರಿಕೆಯಲ್ಲಿ ಜಲಾಶಯದ ಮಟ್ಟ ನೋಡುತ್ತಾನೆ. ಆ ಅನ್ನದ ಋಣ ಅಲ್ಲಗಳೆಯುವಂತಿಲ್ಲ. ಅದೇ ನೀರು ಹಿಂದಕ್ಕೆ ಸರಿದು ನಿಂತದ್ದು ನರಸಿಂಹರಾಜಪುರದ ಸೀಮೆಯಲ್ಲಿ. ಹಿಂದೆ ಎಡೇಹಳ್ಳಿ ಎನಿಸಿಕೊಂಡಿದ್ದ ಆ ಪೇಟೆಗೆ ಮೈಸೂರಿನ ಯುವರಾಜರ ಹೆಸರಿಟ್ಟರು, ತರೀಕೆರೆಯಿಂದ ಅಲ್ಲಿಗೆ ಸಣ್ಣ ಹಳಿಯ ಟ್ರಾಮ್ ಓಡುತ್ತಿತ್ತು. ಈಗ ಹಳಿಯೂ ಇಲ್ಲ, ಎಷ್ಟೋ ಹಳ್ಳಿಗಳೂ ಇಲ್ಲ. ಮುಳುಗಡೆಯಾದವರು ಎಲ್ಲೆಲ್ಲೋ ಚದುರಿದರು. ಶರಾವತಿಯ ಸಂತ್ರಸ್ತರಿಗೆ ಅರವತ್ತು ವರ್ಷದ ಮೇಲೂ ಹಕ್ಕುಪತ್ರದ ಗೋಳು ಮುಗಿದಿಲ್ಲ.

ನನ್ನ ಅಮ್ಮನ ತವರು ಭದ್ರೆಯ ಹಿನ್ನೀರಿನಡಿ ಇದೆ. ಈ ಆಟಕ್ಕೆ ನಿಜವಾದ ಭೂಪ್ರದೇಶವನ್ನು ತಂದು ಹಾಕಿಕೊಳ್ಳಬಹುದು. ಉಪಗ್ರಹ, ರಾಡಾರುಗಳಿಂದ ಅಳೆದ ಎತ್ತರ-ತಗ್ಗಿನ ಮಾಹಿತಿ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ, ಅದನ್ನು ಕಪ್ಪು-ಬಿಳುಪು ಚಿತ್ರವಾಗಿಸಿ ಆಟಕ್ಕೆ ಕೊಟ್ಟರೆ 17 ಕಿಲೋಮೀಟರಿಗೂ ಮಿಕ್ಕಿದ ಚೌಕದಲ್ಲಿ ಗುಡ್ಡ ಕಣಿವೆಗಳು ಎದ್ದು ಬರುತ್ತವೆ. ಕರೆಂಟು ಇದ್ದ ಒಂದು ಮಧ್ಯಾಹ್ನ ಹುಡುಗ ನಮ್ಮ ಸೀಮೆಯನ್ನೇ ಹಾಗೆ ತಂದಿದ್ದ. ಅಮ್ಮ ಕವಳ ಹಾಕುತ್ತ ಹಿಂದೆ ಬಂದು ನಿಂತರು.

“ಎಂತದೋ ಅದು?”

“ನಮ್ಮ ಹಿನ್ನೀರು ಅಜ್ಜಿ. ಮೇಲಿಂದ ನೋಡಿದಂಗೆ.”

“ನಮ್ಮನೆ ಎಲ್ಲಿ ಬರ್ತದೆ ಇದ್ರಲ್ಲಿ?”

“ಅಲ್ಲೆಲ್ಲ ನೀರಲ್ವಾ ಅಜ್ಜಿ?”

“ಈಗ ನೀರು. ಆಗ ಗದ್ದೆ. ಗದ್ದೆ ದಾಟಿದ್ರೆ ಹೊಳೆ. ಇಷ್ಟಗಲ ಎಲ್ಲಿತ್ತು ಮಾರಾಯ, ಬೇಸಿಗೇಲಿ ಲಂಗ ಎತ್ಕಂಡು ದಾಟ್ತಿದ್ವಿ.”

ಹುಡುಗ ನೀರು ತೆಗೆದು ತೋರಿಸಲು ಹೋದ. ನೀರು ಹೋಯಿತು, ಕೆಳಗೆ ಕಣಿವೆ ಕಾಣಲಿಲ್ಲ. ಒಂದೇ ಸಮನೆಯ ಚಪ್ಪಟೆ ನೆಲ. ಹೊಳೆಯ ಪಾತ್ರವಿಲ್ಲ, ಗದ್ದೆಯ ಇಳಿಜಾರಿಲ್ಲ. ಕಾರಣ ಹುಡುಕಿದಾಗ ಸರಳವಾಗಿತ್ತು. ಜಗತ್ತಿನಾದ್ಯಂತ ಬಳಸುವ ಆ ಎತ್ತರದ ಅಳತೆ ಮಾಡಿದ್ದು 2000ದ ಫೆಬ್ರವರಿಯಲ್ಲಿ, ಅಮೆರಿಕದ ಬಾಹ್ಯಾಕಾಶ ನೌಕೆಯ ರಾಡಾರು. ರಾಡಾರು ನೀರಿನ ಮೈಯಿಂದಲೇ ಮರಳುತ್ತದೆ, ತಳ ಮುಟ್ಟುವುದಿಲ್ಲ. ಅಷ್ಟು ಹೊತ್ತಿಗೆ ಕಣಿವೆ ಮುಳುಗಿ ಮೂರೂವರೆ ದಶಕ ಕಳೆದಿತ್ತು. ಅಂದರೆ ಜಗತ್ತಿನ ಅತ್ಯುತ್ತಮ ನಕಾಶೆಯ ಮಟ್ಟಿಗೆ ಅಮ್ಮನ ತವರು ಎಂದೂ ಇರಲೇ ಇಲ್ಲ. ಆಟದ ಮೇಲೆ ನನಗಿದ್ದ ಆಕ್ಷೇಪಕ್ಕೆ ಇದಕ್ಕಿಂತ ಗಟ್ಟಿಯಾದ ಪುರಾವೆ ಬೇಕಿರಲಿಲ್ಲ.

ಆಮೇಲೆ ನಡೆದದ್ದು ಅದರ ಎದುರು ತೂಕಕ್ಕೆ ಬೀಳುತ್ತದೆ. ಹುಡುಗ ನೆಲ ತಗ್ಗಿಸುವ ಉಪಕರಣ ತೆಗೆದುಕೊಂಡು ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡ. ಹೊಳೆ ಎಲ್ಲಿ ತಿರುಗುತ್ತಿತ್ತು, ಯಾವ ದಡ ಎತ್ತರ, ದೇವಸ್ಥಾನಕ್ಕೆ ಹೋಗುವಾಗ ಏರು ಸಿಗುತ್ತಿತ್ತೋ ಇಳಿಜಾರೋ ಎಂದು ಕೇಳಿ ಕೇಳಿ ನೆಲ ಕೆತ್ತತೊಡಗಿದ. ಅಮ್ಮ ನನ್ನೆದುರು ಎಂದೂ ಹೇಳದ ಸಂಗತಿಗಳನ್ನು ಅವನಿಗೆ ಹೇಳಿದರು. ಗದ್ದೆಯ ಅಂಚಿನಲ್ಲಿದ್ದ ಮಾವಿನ ಮರದ ಹೆಸರು, ಮಳೆಗಾಲದಲ್ಲಿ ಹೊಳೆ ಎಲ್ಲಿಯವರೆಗೆ ಏರುತ್ತಿತ್ತು ಎಂಬ ಗುರುತಿನ ಕಲ್ಲು, ಟ್ರಾಮಿನ ದಾರಿ ಇಂಥ ಕಡೆ ಹೋಗುತ್ತಿತ್ತು ಎಂದು ಅವರಪ್ಪ ತೋರಿಸುತ್ತಿದ್ದುದು. ನಾನು ಇಷ್ಟು ವರ್ಷ ಬರೆಯುತ್ತ ಬಂದಿದ್ದರೂ ಈ ಪ್ರಶ್ನೆಗಳನ್ನು ಕೇಳಿರಲಿಲ್ಲ. ಏರೋ ಇಳಿಜಾರೋ ಎಂಬುದು ನೆಲವನ್ನು ಕೈಯಾರೆ ಮಾಡುವವನಿಗೆ ಮಾತ್ರ ಬೇಕಾಗುವ ವಿವರ.

ಹಾಗಾಗಿ ನನ್ನ ತೀರ್ಮಾನ ಇಷ್ಟು. ಆಟ ಲೆಕ್ಕ ಕಲಿಸುತ್ತದೆ, ಒಂದಕ್ಕೊಂದು ಕೊಂಡಿ ಹೇಗೆ ಎಂಬುದನ್ನು ಕಲಿಸುತ್ತದೆ, ಚೆನ್ನಾಗಿಯೇ ಕಲಿಸುತ್ತದೆ. ನೆಲ ಖಾಲಿಯಲ್ಲ ಎಂಬುದನ್ನು ಅದು ಕಲಿಸದು, ಅದನ್ನು ಪಕ್ಕದಲ್ಲಿ ಕೂತವರು ಹೇಳಬೇಕು. ಹಾಗೆ ಕೂರುವವರಿಲ್ಲದ ಕೋಣೆಯಲ್ಲಿ ಒಬ್ಬನೇ ಆಡುತ್ತ ಬೆಳೆದ ಹುಡುಗ ನಾಳೆ ಯೋಜನಾ ಪ್ರಾಧಿಕಾರದ ಮೇಜಿನ ಹಿಂದೆ ಕೂತರೆ ನನಗೆ ಭಯವಾಗುತ್ತದೆ. ಆಟವನ್ನೇ ಮುಟ್ಟದೆ, ಕೊಳಚೆ ಎತ್ತ ಹರಿಯುತ್ತದೆ ಎಂದು ಒಮ್ಮೆಯೂ ಯೋಚಿಸದೆ ಅದೇ ಮೇಜಿನ ಹಿಂದೆ ಕೂತವನ ಬಗ್ಗೆ ಅದಕ್ಕಿಂತ ಹೆಚ್ಚು ಭಯವಿದೆ. ಎರಡರಲ್ಲಿ ಒಂದನ್ನು ಆರಿಸು ಎಂದರೆ ಆಡಿದವನನ್ನೇ ಆರಿಸುತ್ತೇನೆ. ತೋಟದ ಕೆಲಸ ಬಿಟ್ಟು ಆಡುತ್ತಾನೆ ಎಂಬ ತಂದೆಯ ನೋವು ಇದರಿಂದ ಕರಗುವುದಿಲ್ಲ. ಅದು ಅಡಿಕೆಯ ರೋಗಕ್ಕೆ, ಆಳಿನ ಕೊರತೆಗೆ, ಊರಲ್ಲಿ ಉಳಿದರೆ ಭವಿಷ್ಯವಿಲ್ಲ ಎಂದು ನಾವೇ ಮಕ್ಕಳಿಗೆ ಹೇಳಿಕೊಟ್ಟಿದ್ದಕ್ಕೆ ಸೇರಿದ ನೋವು. ಕಂಪ್ಯೂಟರ್ ಕಿತ್ತಿಟ್ಟರೆ ಅದು ಹೋಗದು.

ಮುಳುಗಿದ ಊರಿನ ಕೆಲಸ ಇನ್ನೂ ಮುಗಿದಿಲ್ಲ. ಅದೇ ಸೀಮೆಯಿಂದ ಎದ್ದು ಬಂದ ಇನ್ನೊಬ್ಬ ಹಿರಿಯರು ಪರದೆ ನೋಡಿ, ದೇವಸ್ಥಾನ ಹೊಳೆಯ ಈಚೆ ಇತ್ತು, ನಿಮ್ಮಮ್ಮ ಹೇಳಿದ ಕಡೆ ಅಲ್ಲ ಎಂದರು. ಅಮ್ಮ ಒಪ್ಪಲಿಲ್ಲ. “ನಾ ದಿನಾ ಹೂ ತಗಂಡು ಹೋಗ್ತಿದ್ದ ಜಾಗ, ನಂಗೊತ್ತಿಲ್ವಾ?” ಎಂದು ಇಬ್ಬರಿಗೂ ಜೋರು ವಾದವಾಯಿತು. ಹುಡುಗ ಸದ್ಯಕ್ಕೆ ಎರಡೂ ದಡದಲ್ಲಿ ಗುರುತು ಹಾಕಿಟ್ಟಿದ್ದಾನೆ. ಅಣೆಕಟ್ಟಿಗಿಂತ ಹಿಂದಿನ ಸರ್ವೆ ನಕಾಶೆ ಎಲ್ಲಾದರೂ ಸಿಗುತ್ತದೋ ಎಂದು ಅವನ ಗೆಳೆಯರು ವಿಚಾರಿಸುತ್ತಿದ್ದಾರೆ. ಸಿಗದಿದ್ದರೆ ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಇಬ್ಬರನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹೋಗಿ ನೋಡಿ ಬರುವುದೆಂದು ಮಾತಾಗಿದೆ.